ಮಾವ ಕೂರಿಸಿದ ವೈಸ್

ಮಾವ ತೀರಿಕೊಂಡು ಎರಡು ವರ್ಷ ಕಳೆದ ಮೇಲೆ, ಒಂದು ಮಟಮಟ ಮಧ್ಯಾಹ್ನ, ಸೊಸೆಗೆ ಅವರ ಹೆಜ್ಜೆಯ ಸಪ್ಪಳ ಕೇಳಿಸಿತು.

ಅಡುಗೆಮನೆಯ ಹಿಂಬಾಗಿಲಿಗೆ ಎದುರಾಗಿ ಬೀಗ ರಿಪೇರಿಯ ಕಾರ್ಯಾಗಾರ. ಸಪ್ಪಳ ಬರುತ್ತಿದ್ದುದು ಅಲ್ಲಿಂದಲೇ. ಎಡಗಾಲು ಊರುವ ಸದ್ದು, ಬಲಗಾಲು ಎಳೆಯುವ ಸದ್ದು, ನಡುವೆ ಒಂದು ನರಳಿಕೆ. ಹೊಸ್ತಿಲಲ್ಲಿ ಬಾಗಿದ ಆಕೃತಿಯೊಂದು ನಿಂತಿತು. ಒಂದು ಕೈ ಸೊಂಟದ ಮೇಲೆ, ಮುಖ ನೆಲಕ್ಕೆ.

“ಮಾವಾ...” ಎಂದು ಅವಳ ಬಾಯಿಂದ ಜಾರಿತು.

ಆಕೃತಿ ಪ್ರಯಾಸದಿಂದ ತಲೆಯೆತ್ತಿತು. ಅದು ಅವಳ ಗಂಡ.

“ಏನೇ, ದೆವ್ವ ಕಂಡವಳ ಹಾಗೆ ನಿಂತಿದ್ದೀಯ?”

“ಕಂಡ ಹಾಗೇ ಆಯ್ತು ರೀ.”

ಅವನು ನಕ್ಕ. ನಗುವಾಗಲೂ ಕೈ ಸೊಂಟ ಬಿಡಲಿಲ್ಲ. ಅವನಿಗಿನ್ನೂ ನಲವತ್ತೊಂದು.

ಮರುದಿನ ಅವಳು ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಗೋಡೆಗೆ ಒತ್ತಿದ ಹಳೆಯ ಬೆಂಚು, ಅದರ ಮೇಲೆ ಲೋಹದ ತುಂಡನ್ನು ಕಚ್ಚಿ ಹಿಡಿಯಲು ದವಡೆ ತೆರೆದು ಕುಳಿತ ಕಬ್ಬಿಣದ ವೈಸ್. ಹಿಂದಿನ ಗೋಡೆಯಲ್ಲಿ ಅಂಗೈಯಗಲದ ಒಂದು ಕಪ್ಪು ಕಲೆ. ನೋವು ತಡೆಯಲಾಗದಾಗ ಮಾವ ಹಣೆ ಆನಿಸುತ್ತಿದ್ದ ಜಾಗ ಅದು. ಗಂಡ ಬೀಗದ ಕೈಯೊಂದನ್ನು ವೈಸಿಗೆ ಕಚ್ಚಿಸಿ, ಬಗ್ಗಿ ಅರದಿಂದ ಉಜ್ಜಿದ. ಉಜ್ಜಿ ಉಜ್ಜಿ ನಿಲ್ಲಿಸಿದ. ಕಣ್ಣು ಮುಚ್ಚಿ ಮುಂದಕ್ಕೆ ವಾಲಿದ. ಅವನ ಹಣೆ ಒಂದು ಕೂದಲೆಳೆಯೂ ತಪ್ಪದೆ ಅದೇ ಕಲೆಯ ಮೇಲೆ ಹೋಗಿ ಕೂತಿತು.

ಅವಳ ಮೈಮೇಲಿನ ರೋಮ ನಿಮಿರಿ ನಿಂತಿತು. ಅವನು ತಲೆಯೆತ್ತಿದಾಗ ಕಲೆ ಬೆವರಿಗೆ ಹಸಿಯಾಗಿತ್ತು.

ಬೀಗ ಕೊಡಲು ಬಂದ ಗಿರಾಕಿಯೊಬ್ಬ ಬೀದಿಯಿಂದಲೇ ಕೂಗಿದ: “ಥೇಟ್ ನಿಮ್ಮಪ್ಪನೇ ಎದ್ದು ಬಂದು ನಿಂತ ಹಾಗಿದೆ ಕಣಯ್ಯಾ! ರಕ್ತ ಎಲ್ಲಿಗೆ ಹೋಗುತ್ತೆ!” ಗಂಡ ಹಿಗ್ಗಿದ. ಒಬ್ಬನ ಬೆನ್ನು ಮುರಿಯುವುದನ್ನು ಕಣ್ಣಾರೆ ಕಂಡು ವಂಶದ ಕಳೆ ಎಂದು ಹೊಗಳುವ ನಾಲಿಗೆಗಳಿಗೆ ಏನೆನ್ನಬೇಕು? ಮಾವ ಕೊನೆಯ ವರ್ಷ ಅಂಗಾತ ಮಲಗಲಾಗದೆ ಮುದುರಿಕೊಂಡೇ ಕಳೆದಿದ್ದರು. ಉಸಿರು ನಿಂತ ಮೇಲೂ ಆ ಬೆನ್ನು ನೇರವಾಗಲಿಲ್ಲ. ಗಂಡನ ಬಲಗಾಲು ಈಗಾಗಲೇ ಜೋಮು ಹಿಡಿಯತೊಡಗಿತ್ತು.

“ಆ ವೈಸನ್ನ ಸ್ವಲ್ಪ ಎತ್ತರಕ್ಕೆ ಕೂರಿಸಿ ರೀ,” ಎಂದಳು.

“ಅಪ್ಪ ಕೂರಿಸಿದ್ದು ಅದು. ಅವರಿಗಿಂತ ನಾನು ದೊಡ್ಡ ಕೆಲಸಗಾರನಾ? ಅದನ್ನ ಕದಲಿಸಿದ್ರೆ ಅವರ ಆತ್ಮ ಏನಂದೀತು?”

ಅವಳು ಗಂಡನ ಅಕ್ಕನಿಗೆ ಹೇಳಿಕಳಿಸಿದಳು.

ಅಕ್ಕ ಪಂಪ್ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಇಪ್ಪತ್ತೆಂಟು ವರ್ಷ ಅರ ಹಿಡಿದವಳು. ಐವತ್ತು ದಾಟಿದರೂ ನೆಟ್ಟಗೆ ನಡೆಯುವುದರಿಂದ ಅಲ್ಲಿ ಅವಳಿಗೆ ಮೂಲೆಯ ನೇರ ನೋಡುವ ಸಾಧನದ ಹೆಸರೇ, ಮೂಲೆಮಟ್ಟ. ರಜಾ ದಿನ ಬಂದವಳು ಕಾರ್ಯಾಗಾರದ ಬಾಗಿಲಲ್ಲೇ ತಟ್ಟನೆ ನಿಂತಳು. ಒಳಗೆ ಬಾಗಿದ್ದ ಬೆನ್ನು ಕಂಡು ಅವಳ ಮುಖ ಬಿಳಿಚಿತು.

“ಲೋ, ತಿರುಗು. ಮೊದಲು ಮುಖ ತೋರಿಸು.”

ತಮ್ಮ ತಿರುಗಿದ ಮೇಲೆಯೇ ಅವಳು ಒಳಗೆ ಕಾಲಿಟ್ಟಳು.

“ನೆಟ್ಟಗೆ ನಿಂತ್ಕೋ. ಮುಷ್ಟಿ ಕಟ್ಟಿ ಗದ್ದದ ಕೆಳಗಿಡು. ಮೊಣಕೈ ನೇರ ಕೆಳಕ್ಕೆ ಬಿಡು. ಈಗ ಮೊಣಕೈ ತುದಿ ವೈಸಿನ ದವಡೆಗೆ ಹಾಗೇ ಸೋಕಬೇಕು. ಎಲ್ಲೋ ಸೋಕಿದ್ದು?”

ಸೊಸೆ ಕೈಯಿಟ್ಟು ಅಳೆದಳು. ದವಡೆಗೂ ಮೊಣಕೈಗೂ ನಡುವೆ ಒಂದು ಗೇಣು ತುಂಬಿ ಎರಡು ಬೆರಳು ಮಿಕ್ಕಿತು.

“ಅಯ್ಯೋ, ಕಬ್ಬಿಣ ಉಜ್ಜೋನು ಬಗ್ಗಲೇಬೇಕಲ್ವೇನಕ್ಕಾ?”

“ಬಗ್ಗೋದಕ್ಕೆ ನೀನೇನು ತಂತಿಯೇನೋ? ಮುಂಗೈ ನೆಲಕ್ಕೆ ಸಮವಾಗಿದ್ರೆ ಮೈಭಾರವೇ ಅರ ತಳ್ಳುತ್ತೆ. ತಗ್ಗಿನಲ್ಲಿದ್ರೆ ಸೊಂಟ ಸವೆಯುತ್ತೆ. ತೀರಾ ಎತ್ತರದಲ್ಲಿದ್ರೆ ಭುಜ ಹೋಗುತ್ತೆ.”

“ಆದ್ರೂ ಅಪ್ಪ ಇಟ್ಟ ಎತ್ತರ...”

“ಅಪ್ಪ ಅದನ್ನ ಇಟ್ಟಾಗ ಕೂತಿದ್ರು ಕಣೋ!” ಅಕ್ಕನ ದನಿ ಏರಿತು. “ಏಣಿಯಿಂದ ಬಿದ್ದು ಮೊಣಕಾಲು ಮುರ್ಕೊಂಡಿದ್ರಲ್ಲ, ಆಗ ನಿನಗೆ ಮೂರು ವರ್ಷ. ಸ್ಟೂಲ್ ಮೇಲೆ ಕೂತು ಕೆಲಸ ಮಾಡೋಕೆ ಅಂತ ಬೆಂಚಿನ ಕಾಲು ಕೊಯ್ಸಿದ್ರು. ಗರಗಸದ ಆಚೆ ತುದಿ ಹಿಡಿದೋಳೇ ನಾನು. ನಂಬಿಕೆ ಇಲ್ದಿದ್ರೆ ಕೆಳಗೆ ನೋಡು.”

ಗಂಡನಿಗೆ ಬೆಂಚಿನಡಿ ನುಸುಳುವ ಶಕ್ತಿಯಿರಲಿಲ್ಲ. ಸೊಸೆಯೇ ಟಾರ್ಚ್ ಹಿಡಿದು ಅಂಗಾತ ತೆವಳಿದಳು. ಕಬ್ಬಿಣದ ಪುಡಿ, ಜೇಡರ ಬಲೆ, ಹಳಸಿದ ಎಣ್ಣೆಯ ವಾಸನೆ. ಕಾಲುಗಳ ತುದಿಯಲ್ಲಿ ಗರಗಸದ ಒರಟು ಗೀರುಗಳಿದ್ದವು. ಬೆಳಕನ್ನು ಮೇಲಕ್ಕೆ ತಿರುಗಿಸಿದಳು. ಮೂಗಿನಿಂದ ಮೊಳದೂರದಲ್ಲಿ, ಹಲಗೆಯ ಅಡಿಭಾಗದಲ್ಲಿ, ಬಡಗಿಯ ಪೆನ್ಸಿಲಿನಿಂದ ಮಾವ ಬರೆದಿದ್ದರು. ಅದೇ ಓರೆ ಅಕ್ಷರ.

“ಮಾವ ಏನೋ ಬರೆದಿದ್ದಾರೆ ರೀ.” “ಓದೇ, ಏನಿದೆ?” ಎಂದ ಗಂಡ.

ತನ್ನ ದನಿ ತನಗೇ ಪರಕೀಯವೆನಿಸಿತು. “ಕಾಲು ವಾಸಿಯಾಗುವ ತನಕ ಮಾತ್ರ.”

ಅರ ಗಂಡನ ಕೈಯಿಂದ ಜಾರಿ ನೆಲಕ್ಕೆ ಬಿದ್ದು ಠಣ್ ಎಂದಿತು.

“ವಾಸಿಯಾಯ್ತಲ್ಲಾ ಅಕ್ಕಾ,” ಎಂದ ಅವನು ಕೊನೆಗೆ, “ಆಮೇಲೆ ನಿಂತೇ ಮಾಡ್ತಿದ್ರಲ್ಲಾ.”

“ನಾಳೆ ಎತ್ತರಿಸಿದ್ರಾಯ್ತು, ನಾಳೆ ಎತ್ತರಿಸಿದ್ರಾಯ್ತು ಅಂತಿದ್ರು. ಮೂವತ್ತಾರು ವರ್ಷ ಅಂದ್ರು.”

ಅಂದೇ ಕೆಲಸಕ್ಕೆ ಕೈಯಿಟ್ಟರು. ಬೆಂಚಿನ ನಾಲ್ಕು ಕಾಲಿಗೂ ಗಟ್ಟಿ ಮರದ ತುಂಡು ಜೋಡಿಸಿ, ಎರಡೂ ಬದಿ ಕಬ್ಬಿಣದ ಪಟ್ಟಿಯಿಟ್ಟು ಬೋಲ್ಟ್ ಬಿಗಿದರು. ಬೆಂಚನ್ನು ಗೋಡೆಗೂ ಕಟ್ಟಿದರು. ವೈಸನ್ನು ಕಾಲಿನ ನೇರಕ್ಕೇ ಕೂರಿಸಿ, ಅಗಲ ವಾಷರ್ ಹಾಕಿ, ಹಲಗೆಯನ್ನು ತೂರಿ ಅಡಿಗೆ ಹೊರಬರುವಂತೆ ಬೋಲ್ಟ್ ಇಳಿಸಿದರು. ಒಳದವಡೆ ಬೆಂಚಿನ ಅಂಚಿನಿಂದ ಒಂದು ನೂಲು, ಅಂದರೆ ಅಂಗುಲದ ಎಂಟನೇ ಒಂದು ಭಾಗ, ಮುಂದಿರಲಿ, ಆಗ ನಿಲುವಾಗಿ ಕಚ್ಚಿಸಿದ ಉದ್ದನೆಯ ಪಟ್ಟಿ ಬೆಂಚಿಗೆ ತಾಗದೆ ನೇರ ಕೆಳಗಿಳಿಯುತ್ತದೆ ಎಂದು ಅಕ್ಕ ತೋರಿಸಿದಳು.

“ನಾನೂ ಒಮ್ಮೊಮ್ಮೆ ಕೀಲಿ ಉಜ್ತೀನಿ ಅಕ್ಕಾ, ನನಗೆ ಎತ್ತರ ಆಗುತ್ತಲ್ಲ?” ಎಂದಳು ಸೊಸೆ.

“ಕುಳ್ಳಿ ನೀನು, ಕಾಲಡಿ ಹಲಗೆ ಹಾಕ್ಕೋ ಮಾರಾಯ್ತಿ. ಅಲುಗಾಡದ ಹಲಗೆ, ಅಗಲವಾದದ್ದು. ಉದ್ದ ಇರೋನ ಸೊಂಟ ಕೊಯ್ಯೋಕಾಗಲ್ಲ, ನಿನ್ನನ್ನ ಎತ್ತಬಹುದು.”

ಗಂಡನ ನೋವು ಒಂದೇ ದಿನಕ್ಕೆ ಹೋಗಲಿಲ್ಲ. ವೈದ್ಯರ ಬಳಿಗೂ ಹೋದ, ಹೇಳಿಕೊಟ್ಟ ವ್ಯಾಯಾಮವನ್ನೂ ಮಾಡಿದ. ಮೂರನೆಯ ತಿಂಗಳಲ್ಲಿ ಬಲಗಾಲಿನ ಜೋಮು ಬಿಟ್ಟಿತು. ಆ ದಿನ ಅವನು ಅಂಗಾತ ಮಲಗಿ, ಕೈಕಾಲು ಚಾಚಿ, ಸದ್ದಿಲ್ಲದೆ ಅತ್ತ. ಹೆಂಡತಿ ಪಕ್ಕದಲ್ಲಿ ಕೂತು ಅಳಲು ಬಿಟ್ಟಳು.

ದುಡಿಯುವ ಬಂಧುಗಳೇ, ಹಿರಿಯರು ಬಿಟ್ಟುಹೋದ ಉಪಕರಣಕ್ಕೆ ಕೈಮುಗಿಯಿರಿ. ಅವರ ನೋವನ್ನು ಪಿತ್ರಾರ್ಜಿತವೆಂದು ಹೊರುವುದು ಗೌರವವಲ್ಲ, ಮೌಢ್ಯ. ಕೆಲಸಗಾರರನ್ನು ಇಟ್ಟುಕೊಂಡಿರುವ ಯಜಮಾನರೇ, ನಾಲ್ಕು ಮರದ ತುಂಡಿನ ಖರ್ಚಿಗೆ ಹಿಂಜರಿದು ಒಬ್ಬನ ಬೆನ್ನು ಬಾಗಿಸುವುದು ಅನ್ಯಾಯ, ಅದಕ್ಕೆ ಬೇರೆ ಹೆಸರಿಲ್ಲ. ಇದನ್ನು ಓದಿ ಮುಗಿಸಿದವರು ಎದ್ದು ನಿಮ್ಮ ವೈಸಿನ ಮುಂದೆ ನಿಲ್ಲಿ. ಮುಷ್ಟಿಯನ್ನು ಗದ್ದದ ಕೆಳಗಿಡಿ. ಮೊಣಕೈ ದವಡೆಯನ್ನು ಮುಟ್ಟದಿದ್ದರೆ, ಇವತ್ತೇ ಸ್ಪ್ಯಾನರ್ ತೆಗೆದುಕೊಳ್ಳಿ. ನಾಳೆ ಎನ್ನಬೇಡಿ.