ಗೇರ್ ಇದ್ದ ಹೊಲಿಗೆ ಮೆಷಿನ್ನು

ಊರೊಳಗಿನ ಬಸ್ಸು ಓಡಿಸುವ ಆ ಹೆಂಗಸನ್ನು ಡಿಪೋದಲ್ಲಿ ಎಲ್ಲರೂ ಮೇಡಂ ಎಂದು ಕರೆಯುತ್ತಿದ್ದರು. ಮನೆಯಲ್ಲಿ ಮಾತ್ರ ಅವಳು ಡ್ರೈವರ್. ಲೈಸೆನ್ಸು ಕೈಗೆ ಬರುವುದಕ್ಕಿಂತ ಎಷ್ಟೋ ವರ್ಷ ಮೊದಲು, ಮುಂದಿನ ಹಲ್ಲು ಬಿದ್ದು ಗಾಳಿ ಆಡುತ್ತಿದ್ದ ಕಾಲದಲ್ಲೇ ಅಂಟಿಕೊಂಡ ಹೆಸರು ಅದು. ಅವಳು ಓಡಿಸಿದ ಮೊದಲ ಬಸ್ಸು ಅಮ್ಮನ ಹೊಲಿಗೆ ಮೆಷಿನ್ನು.

ಅಮ್ಮ ಮನೆಯಲ್ಲೇ ಬಟ್ಟೆ ಹೊಲಿದು ಕೊಡುತ್ತಿದ್ದಳು. ಬೀದಿಯ ಕಡೆಗಿದ್ದ ಕೋಣೆಯಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ ಮೆಷಿನ್ನು. ಮೇಲೆ ಮರದ ಹಲಗೆ, ಕೆಳಗೆ ಹೂಬಳ್ಳಿಯ ಹಾಗೆ ಎರಕ ಹೊಯ್ದ ಕಬ್ಬಿಣದ ಕಾಲುಗಳು, ನಡುವೆ ಅಗಲವಾದ ಪೆಡಲ್ಲು, ಬಲಗಡೆ ದೊಡ್ಡ ಚಕ್ರ. ಅಮ್ಮ ಅದರ ಮುಂದೆ ಕೂರುವ ಠೀವಿಯೇ ಬೇರೆ. ಸ್ವಲ್ಪ ಓರೆಯಾಗಿ ಕೂತು ಎಡಗಾಲನ್ನು ಮಾತ್ರ ಪೆಡಲ್ಲಿನ ಮೇಲಿಟ್ಟು, ಬಲಗಾಲನ್ನು ಕುರ್ಚಿಯ ಕೆಳಗೆ ಮಡಚಿಕೊಂಡಿರುತ್ತಿದ್ದಳು. ಮಗಳಿಗೆ ಅದೇ ಗತ್ತು ಎನಿಸಿ, ಶಾಲೆಯ ಗ್ರೂಪ್ ಫೋಟೋದಲ್ಲಿ ತಾನೂ ಹಾಗೇ ಕೂರಲು ಹೋಗಿ ಬೆಂಚಿನಿಂದ ಜಾರಿ ಬಿದ್ದಿದ್ದಳು. ಆ ಫೋಟೋದಲ್ಲಿ ಯಾರೂ ಕ್ಯಾಮೆರಾ ನೋಡುತ್ತಿಲ್ಲ, ಎಲ್ಲರೂ ಕೆಳಗೆ ನೋಡಿ ನಗುತ್ತಿದ್ದಾರೆ.

ಮಧ್ಯಾಹ್ನ ಊಟವಾಗಿ ಅಮ್ಮ ಒಂದಿಷ್ಟು ಕಣ್ಣು ಮುಚ್ಚುವ ಹೊತ್ತಿಗೆ ಮೆಷಿನ್ನು ಮಕ್ಕಳ ಪಾಲಿಗೆ ಬರುತ್ತಿತ್ತು. ಒಂದೇ ಷರತ್ತು: ಚಕ್ರದ ಬೆಲ್ಟು ಬಿಚ್ಚದೆ ಯಾರೂ ಹತ್ತುವ ಹಾಗಿಲ್ಲ. ಬೆಲ್ಟು ಬಿಚ್ಚಿದರೆ ಮೇಲಿನ ಸೂಜಿ ಮಲಗುತ್ತದೆ, ಕೆಳಗಿನ ಬಸ್ಸು ಏಳುತ್ತದೆ. ಅವಳು ಪೆಡಲ್ಲಿನ ಮೇಲೆ ಕೂತು ಚಕ್ರ ತಿರುಗಿಸುತ್ತಿದ್ದಳು. ತಮ್ಮನಿಗೆ ಬಟನ್ ಡಬ್ಬಿಯ ಕಂಡಕ್ಟರ್‌ಗಿರಿ. ಅದು ಹಿಂದೊಮ್ಮೆ ಬಿಸ್ಕತ್ತಿನ ಡಬ್ಬಿಯಾಗಿತ್ತು, ಮುಚ್ಚಳದ ಮೇಲೆ ಬಿಸ್ಕತ್ತಿನ ಚಿತ್ರ ಹಾಗೇ ಇತ್ತು. ಮನೆಗೆ ಬಂದ ನೆಂಟರ ಮಕ್ಕಳೆಲ್ಲ ಬಾಯಲ್ಲಿ ನೀರೂರಿಸಿಕೊಂಡು ಅದನ್ನು ತೆರೆದು, ಗುಂಡಿ, ಕೊಕ್ಕೆ, ಸೂಜಿಗಳನ್ನು ಕಂಡು ಪೆಚ್ಚಾಗಿದ್ದಾರೆ. ಅಳತೆಗೆಂದು ಕತ್ತರಿಸಿದ ಕಾಗದವೇ ಟಿಕೆಟ್ಟು. ಒಮ್ಮೆ ಯಾರದೋ ಕಾಲರಿನ ಅಳತೆಯನ್ನೇ ಟಿಕೆಟ್ಟಾಗಿ ಹರಿದು ಹಂಚಿದ್ದರಿಂದ, ಆ ಗಿರಾಕಿ ಒಂದು ವರ್ಷ ಕಾಲರಿಲ್ಲದ ಅಂಗಿ ತೊಟ್ಟುಕೊಂಡು ಓಡಾಡಿದ. ಅದೇ ಫ್ಯಾಷನ್ ಎಂದು ಅಮ್ಮ ಅವನನ್ನು ನಂಬಿಸಿಬಿಟ್ಟಿದ್ದಳು.

ಆ ಬಸ್ಸಿಗೆ ಗೇರ್ ಕೂಡ ಇತ್ತು. ಪೆಡಲ್ಲಿನ ಬಲಕ್ಕೆ, ಚಕ್ರಕ್ಕೆ ಹೋಗುವ ಸರಳಿನ ಪಕ್ಕದಲ್ಲಿ, ಅಂಗೈ ಅಗಲದ ಒಂದು ಬಾಗಿದ ಕಬ್ಬಿಣದ ಪಟ್ಟಿ. ಅದನ್ನು ಹಿಡಿದು ಬಾಯಲ್ಲಿ ಗರ್ರ್ ಎಂದರೆ ಗೇರ್ ಬಿತ್ತು ಎಂದೇ ಲೆಕ್ಕ.

ಇಂಥ ಬಸ್ಸನ್ನು ತಮ್ಮ ಒಂದು ದಿನ ಗುಜರಿಯವನಿಗೆ ಕೊಟ್ಟುಬಿಟ್ಟ. ಡ್ರೈವರ್ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಕಿಟಕಿಯ ಹತ್ತಿರ ಪುಟ್ಟದೊಂದು ಬಿಳಿ ಎಲೆಕ್ಟ್ರಿಕ್ ಮೆಷಿನ್ನು ಕೂತಿತ್ತು. ಅವಳು ಮನೆ ಮೇಲೆ ಕೆಳಗೆ ಮಾಡಿದಳು. ಮದುವೆಯಾಗಿ ಎರಡು ಮಕ್ಕಳ ತಂದೆಯಾದ ತಮ್ಮ, ಪಾಪ, ಅಡಿಗೆಮನೆಯಲ್ಲಿ ಅಡಗಿಕೊಂಡ.

"ಅವನನ್ನ ಯಾಕೆ ಬೈತೀಯ? ನಾನೇ ಕೊಡು ಅಂದಿದ್ದು," ಎಂದಳು ಅಮ್ಮ. "ಸೊಂಟ ಮುರಿದು ಹಾಕಿತ್ತು ಆ ಶನಿ. ಇದು ನೋಡು, ಬೆರಳು ಮುಟ್ಟಿದ್ರೆ ಹೊಲಿಯುತ್ತೆ."

"ಅದು ನನ್ನ ಬಸ್ಸು ಅಮ್ಮ!"

"ನಿನ್ನ ಬಸ್ಸು ಡಿಪೋದಲ್ಲಿದೆ. ಕೈಕಾಲು ತೊಳ್ಕೊಂಡು ಬಾ, ಊಟ ಮಾಡು."

ಐವತ್ತು ದಾಟಿದವಳು, ದಿನವಿಡೀ ಊರಿನ ಜನರನ್ನೆಲ್ಲ ಹೊತ್ತು ತಿರುಗುವವಳು, ಒಂದು ಹಳೆಯ ಕಬ್ಬಿಣಕ್ಕಾಗಿ ಕಣ್ಣೀರು ಹಾಕಿದಳು ಎಂದರೆ ನಗುವವರು ನಗಲಿ. ಉಳಿದದ್ದೆಲ್ಲ ಹೋದಾಗ ಅವಳು ಸುಮ್ಮನಿದ್ದಳು. ಬೀಗ ಹಾಕಿದ ಡಯಲ್ ಫೋನು ಹೋಯಿತು, ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದ ಕ್ಯಾಸೆಟ್ಟುಗಳು ಹೋದವು, ಬಾಗಿಲಿದ್ದ ಟೀವಿ ಪೆಟ್ಟಿಗೆ ಹೋಯಿತು. ಇದೊಂದನ್ನು ಬಿಡಲು ಮಾತ್ರ ಮನಸ್ಸು ಒಪ್ಪಲಿಲ್ಲ. ಸಿಕ್ಕರೆ ಮನೆಗೆ ತಂದೇ ತರುತ್ತೇನೆಂದು ಹಟ ಹಿಡಿದಳು.

ಸಿಕ್ಕಿತು, ಅದೂ ಸಿಗ್ನಲ್ಲಿನಲ್ಲಿ. ಕೆಂಪು ದೀಪಕ್ಕೆ ಬಸ್ಸು ನಿಲ್ಲಿಸಿ ಎಡಕ್ಕೆ ನೋಡಿದರೆ, ಹೊಸದಾಗಿ ತೆರೆದಿದ್ದ ಒಂದು ಕಾಫಿ ಅಂಗಡಿ. ಒಳಗಿನ ಟೇಬಲ್ಲುಗಳಿಗೆಲ್ಲ ಹೊಲಿಗೆ ಮೆಷಿನ್ನಿನ ಕಬ್ಬಿಣದ ಕಾಲುಗಳು. ದೀಪ ಹಸಿರಾಗಿ, ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾದ ಮೇಲೇ ಅವಳು ಗಾಡಿ ತೆಗೆದದ್ದು.

ರಜೆಯ ದಿನ ತಮ್ಮನನ್ನೂ ಅವನ ಗೆಳೆಯನ ಸಾಮಾನು ಸಾಗಿಸುವ ವ್ಯಾನನ್ನೂ ಹೊರಡಿಸಿದಳು. ಮೆಷಿನ್ನಿನ ಗುರುತು ಹಿಡಿಯಲೆಂದು ಅಮ್ಮನನ್ನೂ ಕರೆದೊಯ್ದಳು. "ಹೋದ ಶನಿಯನ್ನ ವ್ಯಾನ್ ಮಾಡ್ಕೊಂಡು ಹೋಗಿ ಕರ್ಕೊಂಡು ಬರೋರನ್ನ ಇವತ್ತೇ ನೋಡಿದ್ದು," ಎಂದು ಗೊಣಗುತ್ತಲೇ ಅಮ್ಮ ಹತ್ತಿದಳು. ವ್ಯಾನು ರಸ್ತೆಯ ತಿರುವಿನಲ್ಲಿ ನಿಂತಿತು. ತಮ್ಮ ಅಲ್ಲೇ ಕಾದ.

ಅಂಗಡಿಯವನು ಏಪ್ರನ್ ಕಟ್ಟಿದ ಸಣಕಲ ಮನುಷ್ಯ. ಡ್ರೈವರ್ ಹೇಳಿದ್ದನ್ನು ಪೂರ್ತಿ ಕೇಳಿ ಕೈ ಮುಗಿದ.

"ಮೇಡಂ, ವಾರಕ್ಕೊಬ್ಬರು ಬಂದು ಇದು ನಮ್ಮಜ್ಜಿ ಮೆಷಿನ್ನು ಅಂತಾರೆ. ಊರಲ್ಲಿರೋ ಅಜ್ಜೀರೆಲ್ಲ ನನ್ನ ಟೇಬಲ್‌ನಲ್ಲೇ ಹೊಲೀತಿದ್ರಾ? ಅದಕ್ಕೇ ಒಂದು ರೂಲ್ ಮಾಡಿದೀನಿ. ನೋಡೋದಕ್ಕೆ ಮುಂಚೆ ಗುರುತು ಹೇಳಬೇಕು. ಗುರುತು ಸಿಕ್ಕಿದ್ರೆ ಟೇಬಲ್ ನಿಮ್ಮದು, ಸುಮ್ಮನೆ ತಗೊಂಡು ಹೋಗಿ."

"ಪೆಡಲ್ ಕೆಳಗೆ ಐದು ಅಂತ ಬರೆದಿದೆ. ಬಸ್ ನಂಬರ್ರು. ಚಿಕ್ಕಮ್ಮನ ಕೆಂಪು ನೇಲ್ ಪಾಲಿಷ್‌ನಲ್ಲಿ," ಎಂದಳು ಅವಳು ಗೆದ್ದವಳ ಹಾಗೆ.

ಅವನ ಮುಖ ಚಿಕ್ಕದಾಯಿತು. "ತುಕ್ಕು ಕೆರೆಸಿ ಎಲ್ಲದಕ್ಕೂ ಕಪ್ಪು ಬಣ್ಣ ಹೊಡೆಸಿದೀನಲ್ಲ ಮೇಡಂ."

ಆದರೂ ಅವಳು ಮಂಡಿಯೂರಿ ಒಂದೊಂದೇ ಟೇಬಲ್ಲಿನ ಕೆಳಗೆ ಇಣುಕಿದಳು. ಕಾಫಿ ಕುಡಿಯುತ್ತಿದ್ದವರು ಕಾಲು ಮೇಲೆತ್ತಿಕೊಂಡು ದಾರಿ ಬಿಟ್ಟರು. ಎಲ್ಲ ಕಡೆಯೂ ಮಿರಿಮಿರಿ ಕಪ್ಪು. ಒಂದರ ಹಾಗೇ ಇನ್ನೊಂದು. ಅಡಿಗೆಮನೆಯ ಬಾಗಿಲವರೆಗೂ ಹೋಗದೆ, ನಡುವೆಯೇ ಸೋತು ಒಂದು ಖಾಲಿ ಟೇಬಲ್ಲಿನ ಮುಂದೆ ಕುಸಿದು ಕೂತಳು. ಕೂತವಳ ಬಲಗೈ ಅಭ್ಯಾಸಬಲದಿಂದ ಕೆಳಗಿಳಿದು, ಚಕ್ರದ ಪಕ್ಕ ತಡಕಾಡಿತು. ಏನೂ ಸಿಗಲಿಲ್ಲ.

"ಇದರ ಗೇರ್ ಎಲ್ಲಿ?"

"ಯಾವ ಗೇರು?"

"ಪೆಡಲ್ ಪಕ್ಕ, ಬಾಗಿದ ಪಟ್ಟಿ. ಎಲ್ಲಾ ಮೆಷಿನ್‌ಗೂ ಇರತ್ತಲ್ಲ!"

ಅಮ್ಮ ಇದ್ದಕ್ಕಿದ್ದಂತೆ ಛಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ಅಂಗಡಿಯವನು ಹಣೆ ಚಚ್ಚಿಕೊಂಡ. "ಓ, ಆ ದರಿದ್ರದ ಪಟ್ಟೀನಾ! ಯಾವ ಮೆಷಿನ್‌ಗೂ ಇಲ್ಲ, ಅಡಿಗೆಮನೆ ಬಾಗಿಲ ಹತ್ರ ಇರೋ ಒಂದಕ್ಕೆ ಮಾತ್ರ ಇದೆ. ಬಂದೋರ ಕಾಲಿಗೆಲ್ಲ ಬಡಿಯುತ್ತೆ. ನಾಳೆ ವೆಲ್ಡರ್ ಬಂದು ಕತ್ತರಿಸಿ ಹಾಕ್ತಾನೆ."

"ಒಂದಕ್ಕೆ ಮಾತ್ರಾನಾ?" ಡ್ರೈವರ್ ತಬ್ಬಿಬ್ಬಾದಳು. ಹೊಲಿಗೆ ಮೆಷಿನ್ನೆಂದರೆ ಗೇರ್ ಇದ್ದೇ ಇರುತ್ತದೆ ಎಂದು ಇಷ್ಟು ವರ್ಷವೂ ನಂಬಿದ್ದಳು. ತಾಯಿಯ ಕಡೆ ತಿರುಗಿದಳು. "ಅಮ್ಮಾ?"

"ಎಲ್ಲಾ ಮೆಷಿನ್‌ಗೂ ಎಲ್ಲಿರತ್ತೆ? ನಾನು ಹಾಕಿಸಿದ್ದು," ಎಂದಳು ಅಮ್ಮ, ಸಿಕ್ಕಿಬಿದ್ದವಳ ಹಾಗೆ.

"ಯಾಕೆ?"

"ನಿನ್ನ ಕೈ ಇದೆಯಲ್ಲ, ಅದು ಸುಮ್ಮನಿರ್ತಿತ್ತಾ? ಚಕ್ರ ತಿರುಗಿಸ್ತಾ ತಿರುಗಿಸ್ತಾ ಸರಳಿನ ಸಂದಿಗೆ ಬೆರಳು ಹಾಕ್ತಿದ್ದೆ. ಒಂದು ಸಲ ಉಗುರೇ ಕಿತ್ತು ಬಂತು. ಮಾರನೇ ದಿನ ಕಬ್ಬಿಣದ ಬಾಗಿಲು, ಕಿಟಕಿ ಮಾಡೋನ ಹತ್ರ ಹೋಗಿ ಅಡ್ಡ ಒಂದು ಪಟ್ಟಿ ಬೆಸುಗೆ ಹಾಕಿಸಿದೆ."

"ಆಡಬೇಡ ಅಂತ ಹೇಳಿದ್ರೆ ಆಗ್ತಿತ್ತಲ್ಲ!"

"ಹೇಳಿದೆ. ನೀನು ಇಡೀ ದಿನ ಮೂಲೇಲಿ ಕೂತು ಬರೀ ಗಾಳೀಲಿ ಚಕ್ರ ತಿರುಗಿಸ್ತಾ ಇದ್ದೆ. ನೋಡೋಕಾಗಲಿಲ್ಲ."

ಡ್ರೈವರ್ ಎದ್ದು ಆ ಟೇಬಲ್ಲಿನ ಹತ್ತಿರ ಹೋದಳು. ಪಟ್ಟಿ ಇತ್ತು, ಅದೇ ಬಾಗು, ಅದೇ ಅಗಲ. ಆದರೆ ಈಗ ಅವಳಿಗೆ ಕಂಡದ್ದು ಬೇರೆಯೇ. ಪಟ್ಟಿ ಪೆಡಲ್ಲಿನ ಬಲಭಾಗವನ್ನೆಲ್ಲ ನುಂಗಿಕೊಂಡಿತ್ತು. ಉಳಿದ ಜಾಗದಲ್ಲಿ ಒಂದು ಪಾದ ಹಿಡಿಯುತ್ತಿತ್ತು, ಎರಡು ಹಿಡಿಯುತ್ತಿರಲಿಲ್ಲ.

"ಹಾಗಾದ್ರೆ ನೀನು ಓರೆಯಾಗಿ ಕೂರ್ತಿದ್ದದ್ದು..."

"ಮತ್ತೆ? ಸ್ಟೈಲಿಗೆ ಅಂದ್ಕೊಂಡಿದ್ಯಾ?"

"ನಾನು ದೊಡ್ಡವಳಾದ ಮೇಲಾದ್ರೂ ತೆಗೆಸಬಹುದಿತ್ತು."

"ನೀನಾದ ಮೇಲೆ ನಿನ್ನ ತಮ್ಮ ಹತ್ತಿದ. ಅವನಾದ ಮೇಲೆ ಪಕ್ಕದ ಮನೆ ಮಕ್ಕಳು. ಅಷ್ಟು ಹೊತ್ತಿಗೆ ಕಾಲಿಗೂ ರೂಢಿ ಆಗಿತ್ತು, ಬಿಡು," ಎಂದು ಅಮ್ಮ ಸೆರಗಿನಿಂದ ಟೇಬಲ್ಲಿನ ಮೇಲಿಲ್ಲದ ಧೂಳನ್ನು ಒರೆಸಿದಳು.

ಡ್ರೈವರ್ ಬಗ್ಗಿ ಪಟ್ಟಿಯನ್ನು ಸವರಿದಳು. ಸೊಂಟ ಮುರಿದ ಶನಿ ಎಂದು ಅಮ್ಮ ಬೈದಾಗ ತಾನು ಮುಖ ಊದಿಸಿಕೊಂಡು ಕೂತಿದ್ದಳಲ್ಲ! ಅಷ್ಟರಲ್ಲಿ ತಮ್ಮ ಬಾಗಿಲಲ್ಲಿ ಕಾಣಿಸಿಕೊಂಡ. "ಸಿಕ್ತಾ ಅಕ್ಕಾ? ಎತ್ತೋಣ್ವಾ?"

"ಸಿಕ್ತು," ಎಂದ ಅಂಗಡಿಯವನು, ಮಾತಿಗೆ ತಪ್ಪದೆ. ಕುರ್ಚಿಗಳನ್ನು ಪಕ್ಕಕ್ಕೆ ಸರಿಸಿ ಬಾಗಿ ನೋಡಿ ಗದರಿದ. "ಏಯ್, ಏಳೇ ಮೇಲೆ! ಟೇಬಲ್ ಕೊಡಬೇಕು."

ಎಲ್ಲರೂ ಬಾಗಿಲ ಕಡೆ ತಿರುಗಿದ್ದಾಗ ಅವನ ಮೊಮ್ಮಗಳು ಅಡಿಗೆಮನೆಯಿಂದ ಬಂದು ಟೇಬಲ್ಲಿನ ಕೆಳಗೆ ನುಸುಳಿದ್ದಳು. ಪೆಡಲ್ಲಿನ ಮೇಲೆ ಕೂತು ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಆಗಲ್ಲ ತಾತ. ಇನ್ನೂ ಸ್ಟಾಪ್ ಬಂದಿಲ್ಲ."

ಡ್ರೈವರ್ ಮೆಲ್ಲಗೆ ಮಂಡಿಯೂರಿದಳು. "ಈ ಬಸ್ಸು ಎಲ್ಲಿಗೆ ಹೋಗತ್ತಮ್ಮ?"

ಹುಡುಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನಿಮಗೆ ಎಲ್ಲಿಗೆ ಹೋಗಬೇಕು?"

ಇಷ್ಟು ವರ್ಷ ಹೇಳಿದ ದಾರಿಯಲ್ಲೇ ಬಸ್ಸು ಓಡಿಸಿದವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಹುಡುಗಿ ಉತ್ತರಕ್ಕೆ ಕಾಯಲಿಲ್ಲ. ಬಲಗೈ ಚಾಚಿ ಪಟ್ಟಿಯನ್ನು ಹಿಡಿದು ಬಾಯಲ್ಲಿ ಗರ್ರ್ ಎಂದು ಗೇರ್ ಹಾಕಿದಳು. ಚಕ್ರ ತಿರುಗಿತು, ಪಟ್ಟಿಯ ಆಚೆ ಸರಳು ಮೇಲೆ ಕೆಳಗೆ ಓಡಾಡಿತು. ಪುಟ್ಟ ಬೆರಳುಗಳು ಈಚೆಯೇ ಉಳಿದವು.

ಅಮ್ಮ ಸೊಂಟ ಹಿಡಿದುಕೊಂಡು ಬಗ್ಗಿ, ಪಟ್ಟಿಯನ್ನು ಎರಡು ಸಲ ಅಲ್ಲಾಡಿಸಿ ನೋಡಿದಳು. "ಗಟ್ಟಿಯಾಗೇ ಇದೆ," ಎಂದಳು.

"ಎತ್ತೋಣ್ವಾ ಅಕ್ಕಾ? ವ್ಯಾನ್ ಅಲ್ಲಿ ನಿಲ್ಲಿಸೋ ಹಾಗಿಲ್ಲವಂತೆ," ಎಂದು ತಮ್ಮ ಅವಸರಿಸಿದ.

"ಬೇಡ ಕಣೋ." ಅವಳು ಮೂಗು ಒರೆಸಿಕೊಂಡು ಎದ್ದಳು. "ಓಡ್ತಾ ಇರೋ ಗಾಡೀನ ಮನೇಲಿ ತಂದು ನಿಲ್ಲಿಸಿ ಏನು ಮಾಡಲಿ? ಸ್ವಾಮೀ, ಟೇಬಲ್ ಇಲ್ಲೇ ಇರಲಿ. ಆದ್ರೆ ಪಟ್ಟಿ ಕತ್ತರಿಸಿದ್ರೆ ಬಸ್ಸು ತಂದು ನಿಮ್ಮ ಅಂಗಡಿಗೇ ನುಗ್ಗಿಸ್ತೀನಿ."

"ಗಿರಾಕಿಗಳ ಕಾಲು?" ಎಂದ ಅವನು, ದನಿ ಏಳದೆ.

"ಓರೆಯಾಗಿ ಕೂರೋಕೆ ಹೇಳಿ. ಫ್ಯಾಷನ್ನು ಅನ್ನಿ," ಎಂದಳು ಅಮ್ಮ.

ಎಲ್ಲರಿಗೂ ಕಾಫಿ ಬಂತು. ವ್ಯಾನಿನವನನ್ನು ಕಳಿಸಿ ಬಂದ ತಮ್ಮ, ಸಕ್ಕರೆ ಡಬ್ಬಿಯ ಪಕ್ಕದ ಕಾಗದದ ಕರವಸ್ತ್ರ ಹರಿದು ಟೇಬಲ್ಲಿನ ಕೆಳಗೆ ಒಂದು ಟಿಕೆಟ್ಟು ಚಾಚಿದ. ಒಳಗಿನಿಂದ ಕೈಯೊಂದು ಬಂದು ಅದನ್ನು ಕಸಿದುಕೊಂಡಿತು. ಡ್ರೈವರ್ ಕೂರುವ ಮೊದಲು ಕೆಳಗೆ ನೋಡಿದಳು. ಮಗುವಿಗೆ ಜಾಗ ಬಿಟ್ಟು ಅಮ್ಮ ಓರೆಯಾಗಿ ಕೂತಿದ್ದಳು, ಬಲಗಾಲನ್ನು ಕುರ್ಚಿಯ ಕೆಳಗೆ ಮಡಚಿಕೊಂಡು. ಡ್ರೈವರ್ ತನ್ನ ಕುರ್ಚಿಯನ್ನು ಅಮ್ಮನ ಪಕ್ಕಕ್ಕೆ ಎಳೆದುಕೊಂಡು, ಬಲಗಾಲು ಮಡಚಿ, ತಾನೂ ಹಾಗೇ ಕೂತಳು. ಈ ಸಲ ಜಾರಲಿಲ್ಲ.