ಅಳಿಯನ ಮರದ ಕಂಕಣ

2024ರ ನವೆಂಬರ್ 10, ಭಾನುವಾರ, ಬೆಳಗ್ಗೆ 9 ಗಂಟೆ 20 ನಿಮಿಷ. ಮುರಳಿಮೋಹನ್ ದಿಬ್ಬೂರಹಳ್ಳಿಯ ಅತ್ತೆ ಮನೆಯ ಹಿತ್ತಲಿಗೆ ಬಂದಾಗ ಅವನ ಬಾಮೈದ ಚಲಪತಿ ಬಚ್ಚಲ ಪಕ್ಕದ ಮರದ ಬುಡದಲ್ಲಿ ಕೂತು ಮಚ್ಚು ಮಸೆಯುತ್ತಿದ್ದ.

"ಬನ್ನಿ ಬಾವ, ಸರಿಯಾದ ಟೈಮ್‌ಗೆ ಬಂದ್ರಿ. ಕೊನೇ ಸಲ ಮಾತಾಡಿಸ್ಬಿಡಿ."

"ಯಾರನ್ನಯ್ಯ?"

"ನಿಮ್ಮ ಮರಾನ."

ಹಿತ್ತಲಿನಲ್ಲಿ ಹೊಸ ಹುಳು ಮನೆ ಕಟ್ಟಲು ಸುಣ್ಣದ ಗೆರೆ ಎಳೆದಿದ್ದರು. ಮರುದಿನ ಗಾರೆಯವರು ಬರುವವರಿದ್ದರು. ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಕಡ್ಡಿಯ ಹೊರೆ ಒಳಗೆ ಹೋಗಬೇಕಾದ ಬಾಗಿಲು ಬರುವುದು ಸರಿಯಾಗಿ ಆ ಮರಕ್ಕೆ ಎದುರಾಗಿ.

ಹನ್ನೊಂದು ವರ್ಷದ ಹಿಂದೆ, ಮದುವೆಯಾದ ವಾರದಲ್ಲೇ, ಚಿಂತಾಮಣಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮುರಳಿ ಆ ಸಸಿಯನ್ನು ನೀಲಗಿರಿ ಕಡೆಯ ನರ್ಸರಿಯಿಂದ ತಂದಿದ್ದ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು. ಮೊದಲ ಸಲ ಮನೆಗೆ ಬರುವ ಅಳಿಯ ಹಣ್ಣು, ಸ್ವೀಟು ತರುತ್ತಾನೆ ಎಂದು ಕಾದಿದ್ದವರ ಕೈಗೆ ಮಣ್ಣಿನ ಕವರು ಬಂದಿತ್ತು. ಅಂದಿನಿಂದ ಅದು 'ಅಳಿಯನ ಮರ'. ಅದರ ಶಾಸ್ತ್ರೀಯ ಹೆಸರು ನಾಗೆಯಾ ವಾಲಿಚಿಯಾನ ಎಂದು ಮುರಳಿ ಮೂರು ಸಲ ಹೇಳಿದ್ದ. ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಪೈನ್, ದೇವದಾರುಗಳ ದೂರದ ಬಂಧು ಅದು. ಪಶ್ಚಿಮ ಘಟ್ಟದ ತೆಂಕಣ ಕಾಡುಗಳಲ್ಲಿ, ವರ್ಷವಿಡೀ ಹಸಿಯಾಗಿರುವ ಮಣ್ಣಿನಲ್ಲಿ, ದೊಡ್ಡ ಮರಗಳ ನೆರಳಲ್ಲಿ ನಿಧಾನವಾಗಿ ಮೇಲೇಳುತ್ತದೆ. ದಕ್ಷಿಣ ಭಾರತದಲ್ಲಿ ಯಾರೂ ನೆಡದೆ ತಾನಾಗಿ ಬೆಳೆಯುವ, ಪೈನ್ ಜಾತಿಯ ಶಂಕುಧಾರಿ ಮರ ಇದೊಂದೇ. ಮಳೆಯೇ ಕಡಿಮೆಯಾದ ಈ ಸೀಮೆಯಲ್ಲಿ ಅದು ಉಳಿದಿದ್ದೇ ಬಚ್ಚಲ ನೀರಿನಿಂದ. ಚೌಬೀನೆ ಹಗುರ, ಬಣ್ಣ ತಿಳಿ, ಎಳೆ ನೇರ. ಪೆನ್ಸಿಲ್ಲಿಗೆ, ಚಹಾ ಪೆಟ್ಟಿಗೆಗೆ, ಪ್ಲೈವುಡ್ಡಿಗೆ ಬಳಸುತ್ತಿದ್ದರು. ಇಷ್ಟನ್ನು ಹೇಳಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಹೊಸ ಅಳಿಯನ ಉತ್ಸಾಹದಲ್ಲಿ, "ಮಗು ಆದ್ರೆ ತೊಟ್ಟಿಲಿಗೂ ಇದೇ ಮರ" ಎಂದುಬಿಟ್ಟಿದ್ದ. ಮಗಳು ಸೀರೆಯ ಜೋಲಿಯಲ್ಲಿ ಮಲಗಿ ಬೆಳೆದು ಈಗ ನಾಲ್ಕನೇ ಕ್ಲಾಸಿಗೆ ಬಂದಿದ್ದಳು.

"ಕವಿತಕ್ಕ, ತೊಟ್ಟಿಲು ಬೇಡ ಅಂದ್ರೆ ಇದರಲ್ಲಿ ಒಂದು ಲಟ್ಟಣಿಗೆ ಆಗುತ್ತೆ ನೋಡು," ಎಂದ ಚಲಪತಿ.

ಮುರಳಿಯ ಹಿಂದೆಯೇ ಬಂದ ಅವನ ಹೆಂಡತಿ ಕವಿತ ನಕ್ಕಳು. "ಮಾಡ್ಸಪ್ಪ. ಚಪಾತಿಗೂ ಆಗುತ್ತೆ, ನಿಮ್ಮ ಬಾವನಿಗೂ ಆಗುತ್ತೆ."

ಮುರಳಿ ನಗಲಿಲ್ಲ. ಪ್ರತಿ ವರ್ಷ ಆ ಮರದ ಒಂದು ರೆಂಬೆಯನ್ನು ಕ್ಲಾಸಿಗೆ ಒಯ್ದು ಹುಡುಗರ ಕೈಯಲ್ಲಿ ಇಡುತ್ತಿದ್ದ. ಅದು ಹೋದರೆ ಉಳಿಯುವುದು ಪುಸ್ತಕದ ಚಿತ್ರ ಮಾತ್ರ.

"ಬಾಗಿಲು ಆ ಕಡೆ ಸರಿಸಬಹುದಲ್ಲ ಚಲಪತಿ?"

"ಬೆಳೆಯೋ ಮರ ಆಗಿದ್ರೆ ಸರಿಸ್ತಿದ್ದೆ. ಪಕ್ಕದ ಹೊಲದ ಆವುಲಪ್ಪನ ಸರ್ವೆ ತೋಪು ನೋಡಿ. ಸೂಜಿ ಥರ ಎಲೆ ಇದೆ, ಕಾಯಿ ಇದೆ, ನಾಲ್ಕು ವರ್ಷಕ್ಕೆ ಗಳ ಕೊಡುತ್ತೆ. ಅದು ಪೈನ್ ಜಾತಿ ಅಲ್ವಂತೆ. ಸೂಜಿನೂ ಇಲ್ಲ, ಕಾಯಿನೂ ಇಲ್ಲ, ಇದು ಪೈನ್ ಜಾತಿಯಂತೆ!"

"ಸರ್ವೆ ಹೂ ಬಿಡೋ ಮರ ಕಣಯ್ಯ. ಇಲ್ಲಿ ನೋಡು." ಮುರಳಿ ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದ. ಅಗಲವಾದ, ಮಿರುಗುವ ಎಲೆ. ನಡುವೆ ದಪ್ಪ ನರವೇ ಇಲ್ಲ. ರಾಟೆಯ ಮೇಲಿನ ರೇಷ್ಮೆ ಎಳೆಗಳ ಹಾಗೆ ಸಣ್ಣ ನರಗಳು ತೊಟ್ಟಿನಿಂದ ತುದಿಯವರೆಗೆ ಪಕ್ಕಪಕ್ಕದಲ್ಲೇ ಓಡಿದ್ದವು. "ಇನ್ನು ಕಾಯಿ. ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ."

"ಇದ್ಯಾವುದು?"

"ಅದು... ಇನ್ನೂ ಗೊತ್ತಾಗಿಲ್ಲ."

"ಹನ್ನೊಂದು ವರ್ಷ ಆಯ್ತು, ಗಂಡೋ ಹೆಣ್ಣೋ ಗೊತ್ತಿಲ್ವಾ ಬಾವ!"

ಅಷ್ಟರಲ್ಲಿ ಅತ್ತೆ ವೆಂಕಟರತ್ನಮ್ಮ ಕಾಫಿ ತಂದರು. "ಏಮಪ್ಪಾ, ಬೆಳಗ್ಗೇನೇ ಅಳಿಯಂದ್ರನ್ನ ಹಿಡ್ಕೊಂಡಿದ್ದೀಯ?" ಎಂದು ಮಗನನ್ನು ಗದರಿ, ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ಆ ಹಿತ್ತಲು ಅವರದು, ಕೊನೆಯ ಮಾತೂ ಅವರದು. "ನೀರು ಹಾಕಿದೋಳು ನಾನು. ಕಡಿಯೋಕೆ ನಂಗೂ ಮನಸ್ಸಿಲ್ಲ. ಆದ್ರೆ ಅಳಿಯಂದ್ರೇ, ಇದು ಬೆಳೀತಿದೆ ಅಂತ ನಂಗೆ ತೋರಿಸಿ. ತೋರಿಸಿದ್ರೆ ಬಾಗಿಲು ಸರೀಲಿ. ಇಲ್ಲಾಂದ್ರೆ ಸಾಕು, ಬಿಟ್ಬಿಡಿ."

ಚಲಪತಿ ಥಟ್ಟನೆ ಎದ್ದು ಮೊಣಕಾಲೆತ್ತರದ ಮೊದಲ ಕವಲನ್ನು ತೋರಿಸಿದ. ಅಲ್ಲಿ ಕಾಂಡಕ್ಕೆ ಒಂದು ಬೂದು ಬಣ್ಣದ ದಾರ ಸುತ್ತಿಕೊಂಡಿತ್ತು. ಅದು ಮುರಳಿಯ ಮದುವೆಯ ಕಂಕಣ.

ಅದರ ಕಥೆ ಆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಮನೆಯ ರೇಷ್ಮೆಯನ್ನೇ ಏಳು ಎಳೆ ಹುರಿ ಮಾಡಿ ವೆಂಕಟರತ್ನಮ್ಮ ಅದನ್ನು ಹೊಸೆದಿದ್ದರು. ಅಕ್ಕನನ್ನು ಗೋಳುಹೊಯ್ದುಕೊಳ್ಳಲೆಂದೇ ಚಲಪತಿ ಬಿಚ್ಚಲಾಗದ ಗಂಟು ಹಾಕಿದ್ದ. ಕಂಕಣ ಬಿಚ್ಚುವ ದಿನ ಕವಿತ ಒದ್ದಾಡಿ ಸೋತು, ಗಂಟಿನ ಸಮೇತ ಅದನ್ನು ಗಂಡನ ಕೈಯಿಂದ ಬಳೆಯಂತೆ ಜಾರಿಸಿಬಿಟ್ಟಳು. ವರ ಅಷ್ಟು ಸಣಕಲ ಎಂದು ಚಪ್ಪರವೆಲ್ಲ ನಕ್ಕಿತ್ತು. ಬಿಚ್ಚಿದ ಕಂಕಣವನ್ನು ಗಿಡಕ್ಕೆ ಹಾಕುವುದು ವಾಡಿಕೆ. ಹೊಸದಾಗಿ ನೆಟ್ಟ ಬೆರಳು ಗಾತ್ರದ ಸಸಿಯ ಮೇಲಿನಿಂದ ಅದನ್ನು ಇಳಿಬಿಟ್ಟಾಗ ಮೊದಲ ಕವಲಿನ ಮೇಲೆ ಕೂತಿತ್ತು.

"ಅವತ್ತು ನನ್ನ ಮೊಣಕಾಲಿನ ಹತ್ರ ಇತ್ತು. ಇವತ್ತೂ ಅಲ್ಲೇ ಇದೆ," ಎಂದ ಚಲಪತಿ. "ಮರ ಬೆಳೆದಿದ್ರೆ ದಾರ ಮೇಲೆ ಹೋಗ್ಬೇಕಿತ್ತಲ್ವಾ?"

"ಕವಲು ಮೇಲೆ ಹೋಗಲ್ಲಪ್ಪ. ಮರ ಉದ್ದ ಆಗೋದು ತುದಿಯಲ್ಲಿ ಮಾತ್ರ."

"ತುದಿ ಎಲ್ಲಿದೆ? ವರ್ಷಾ ವರ್ಷಾ ಲೈನ್‌ಮನ್ ಬಂದು, ಕರೆಂಟ್ ತಂತಿ ಕೆಳಗಿದೆ ಅಂತ, ತಾಗೋಕೆ ಮುಂಚೇನೇ ಕತ್ತರಿಸ್ತಾನೆ. ಅಂದ್ರೆ ಕೆಳಗೂ ಬೆಳೆದಿಲ್ಲ, ಮೇಲೂ ಬೆಳೆದಿಲ್ಲ."

ಮುರಳಿ ಗಂಟಲಿನ ತನಕ ಬಂದ ಪಾಠವನ್ನು ಕಾಫಿಯ ಜೊತೆ ನುಂಗಿದ. ಚಲಪತಿ ಮಚ್ಚಿನ ಅಂಚನ್ನು ಹೆಬ್ಬೆರಳಲ್ಲಿ ಸವರಿ ನೋಡಿದ.

"ಕಂಕಣನಾದ್ರೂ ತೆಗೆದುಕೊಡ್ರೀ. ಅದನ್ಯಾಕೆ ಕಡಿಯೋದು," ಎಂದಳು ಕವಿತ. ಅವಳ ಸ್ವರದಲ್ಲಿ ಈಗ ತಮಾಷೆ ಇರಲಿಲ್ಲ.

ಮುರಳಿ ಬಗ್ಗಿ ದಾರದ ಕೆಳಗೆ ಕಿರುಬೆರಳು ತೂರಿಸಲು ಹೋದ. ಬೆರಳು ಹೋಗಲಿಲ್ಲ. ಉಗುರೂ ಹೋಗಲಿಲ್ಲ. ದಾರದ ಎರಡೂ ಬದಿಗೆ ತೊಗಟೆ ಉಬ್ಬಿತ್ತು. ಅವನು ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ಅತ್ತೆ, ಇದನ್ನ ಹಾಕಿದಾಗ ಹೆಂಗಿತ್ತು?"

"ಲೊಡಲೊಡ ಅಂತಿತ್ತು. ಜೋಳದ ಕಡ್ಡಿಗೆ ಬಳೆ ಹಾಕಿದ ಹಂಗೆ."

"ಈಗ ಅಲ್ಲಾಡಿಸಿ."

ವೆಂಕಟರತ್ನಮ್ಮ ಬಗ್ಗಿ ಎಳೆದರು. ದಾರ ಮಿಸುಕಲಿಲ್ಲ. ಅವರು ಮಗನ ಮುಖ ನೋಡಿದರು. ಚಲಪತಿ ಮಚ್ಚನ್ನು ನೆಲಕ್ಕಿಟ್ಟು ತಾನೂ ಎಳೆದ.

"ಅಡ್ಡ ಬೆಳೆದಿದೆ ಕಣೋ," ಎಂದ ಮುರಳಿ. "ನಾವೆಲ್ಲ ಮೇಲೇ ನೋಡ್ತಾ ಕೂತ್ವಿ. ನಿನ್ನ ಗಂಟೇ ಸಾಕ್ಷಿ. ಇನ್ನೆರಡು ವರ್ಷ ಬಿಟ್ಟಿದ್ರೆ ಈ ದಾರಾನೇ ಕುತ್ತಿಗೆ ಹಿಸುಕ್ತಿತ್ತು."

"ಹಂಗಾದ್ರೆ ನಾನು ಮಚ್ಚು ಮಸೆದದ್ದೇ ದಂಡ."

"ಮಾತು ಸಾಕು, ಬಿಚ್ಚು," ಎಂದಳು ಕವಿತ, ಸೆರಗಿನ ಪಿನ್ನು ತೆಗೆದು ತಮ್ಮನ ಕೈಗೆ ಕೊಟ್ಟು. "ಗಂಟು ಹಾಕಿದೋನು ನೀನು. ಅವತ್ತು ಚಪ್ಪರದ ಮುಂದೆ ನನ್ನ ಮಾನ ತೆಗೆದ್ಯಲ್ಲ, ಈಗ ಅನುಭವಿಸು."

ಚಲಪತಿ ಪಿನ್ನು ಹಿಡಿದು ಬೆವರಿದ. ಕವಿತ ಪಕ್ಕದಲ್ಲಿ ನಿಂತು, "ಬಾಯಿ ಹಾಕ್ಬಾರ್ದು, ಒಂದೇ ಕೈಯಲ್ಲಿ ಬಿಚ್ಚಪ್ಪ, ಅದೇ ಶಾಸ್ತ್ರ," ಎಂದು ಹೇಳುತ್ತಲೇ ಇದ್ದಳು. ಕಡೆಗೂ ಗಂಟು ಸಡಿಲಿತು. ದಾರ ಬಿಟ್ಟ ಜಾಗದಲ್ಲಿ ಕಾಂಡಕ್ಕೆ ತಿಳಿ ಹಸಿರು ಗೆರೆಯೊಂದು ಉಳಿಯಿತು. ಮುರಳಿ ಅದನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, ಒಳಗೆ ಏಟಾಗಿಲ್ಲ ಎಂದ.

ವೆಂಕಟರತ್ನಮ್ಮ ಹಳೆಯ ಗಂಟಿನ ಗುರುತಿದ್ದ ಜಾಗಕ್ಕೇ ಮತ್ತೆ ಗಂಟು ಹಾಕಿ ಕಂಕಣವನ್ನು ಅಳಿಯನ ಕೈಗೆ ತೊಡಿಸಲು ಹೋದರು. ಅದು ಬೆರಳಿನ ಗೆಣ್ಣಿನಲ್ಲೇ ನಿಂತುಬಿಟ್ಟಿತು.

"ಇವರೂ ಅಡ್ಡಾನೇ ಬೆಳೆದಿದ್ದಾರೆ," ಎಂದರು.

ಚಲಪತಿ ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ಸುಣ್ಣದ ಬಕೆಟ್ಟು ತಂದು, ಹಳೆಯ ಗೆರೆಯನ್ನು ಕಾಲಿನಿಂದ ಅಳಿಸಿ, ಬಾಗಿಲಿನ ಗುರುತನ್ನು ಮರದಿಂದ ಪೂರ್ವಕ್ಕೆ ಹೊಸದಾಗಿ ಎಳೆದ. ಟೇಪು ಹಿಡಿದವನು ಮುರಳಿ. ಮರದಿಂದ ಬಾಗಿಲಿಗೆ ಎರಡು ಅಡಿ ಏಳು ಅಂಗುಲ.