ಸುಮನಬಾಯಿಯ ಸುಟ್ಟ ಅಂಬಾಸಿಡರ್

ಯಾವುದೇ ಕಾಗದಕ್ಕೆ ಸಹಿ ಹಾಕುವ ಮುನ್ನ ಸುಮನಬಾಯಿ ಅದನ್ನು ಎರಡು ಬಾರಿ ಓದಿಸುತ್ತಿದ್ದಳು: ಒಮ್ಮೆ ತನ್ನನ್ನು ಕಂಡರೆ ಆಗುವವರಿಂದ, ಇನ್ನೊಮ್ಮೆ ಕಂಡರಾಗದವರಿಂದ. ಆಗುವವಳು ಅಣ್ಣನ ಮಗಳು ದೀಪಾಲಿ. ಆಗದವರು ನಿವೃತ್ತ ಇಂಗ್ಲಿಷ್ ಮಾಸ್ತರ ಸಿದ್ದಪ್ಪನವರು, ನಡುಗೋಡೆಯ ವ್ಯಾಜ್ಯದಿಂದಾಗಿ ಹನ್ನೊಂದು ವರ್ಷ ಮುಖ ತಿರುಗಿಸಿಕೊಂಡಿದ್ದ ನೆರೆಯವರು. "ಬೇಕಾದವರು ಸಿಹಿ ಅಷ್ಟ ಓದ್ತಾರ, ಬ್ಯಾಡಾದವರು ಕಹಿ ಬಿಡಂಗಿಲ್ಲ" ಎಂಬುದು ಆಕೆಯ ಸಿದ್ಧಾಂತ. ಅಬ್ಬಾ, ಯಾವ ನ್ಯಾಯಶಾಸ್ತ್ರದ ಪಂಡಿತನಿಗೆ ಹೊಳೆದೀತು ಈ ಉಪಾಯ!

ಮಾಣಿಕನಗರದಲ್ಲಿ ಆಕೆಯ ಹಿಮ್ಮಡಿಯ ಸದ್ದು ಕೇಳಿದರೆ ಓಣಿಯ ಜನ ತಾವಾಗಿಯೇ ದಾರಿ ಬಿಡುತ್ತಿದ್ದರು. ಕಚ್ಚೆ ಸೀರೆಯ ಮೇಲೆ ತೀರಿಹೋದ ಗಂಡನ ಖಾಕಿ ಕೋಟು. ವೈಶಾಖದ ಉರಿಯಲ್ಲೂ ಅದರ ಗುಂಡಿ ಬಿಚ್ಚದ ಹಟ. ಗಂಡನಿಂದ ಉಳಿದ ಇನ್ನೊಂದು ಆಸ್ತಿಯೆಂದರೆ ಒಂದು ಅಂಬಾಸಿಡರ್. "ಹೆಣ್ಮಗಳು ಬಾಡಿಗಿ ಗಾಡಿ ನಡಸೂದಂದ್ರೇನ, ಮಾರಿಬಿಡು" ಎಂದವರಿಗೆ ಸೊಪ್ಪು ಹಾಕದೆ, ದೇವಿದಾಸನೆಂಬ ಚಾಲಕನನ್ನಿಟ್ಟು, ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ದಿನಕ್ಕೆ ಮೂರು ಸಲ ಓಡಿಸಿದಳು. ಅಮಾವಾಸ್ಯೆಗೊಮ್ಮೆ ಮುಂಜಾನೆ ಬಾನೆಟ್ಟಿನ ಮೂತಿಯ ಮೇಲೆ ಕರ್ಪೂರ ಹಚ್ಚಿ, ಅದು ತಾನಾಗಿ ಆರುವವರೆಗೆ ಕೈಮುಗಿದು ನಿಲ್ಲುವುದು ಆಕೆಯ ವ್ರತ. ಅಲ್ಲೊಂದು ರೂಪಾಯಿಯಗಲದ ಕಪ್ಪು ಕಲೆ ಕೂತುಬಿಟ್ಟಿತ್ತು.

೧೯೯೮ರ ಒಂದು ಅಮಾವಾಸ್ಯೆಯ ಮಧ್ಯಾಹ್ನ, ದಾರಿಯಲ್ಲಿ ರಾಜೇಶ್ವರ ಊರು ದಾಟಿದ ಮೇಲೆ, ಇಂಜಿನ್ನಿಗೆ ಬೆಂಕಿ ಹತ್ತಿತು. ದೇವಿದಾಸ ಜನರನ್ನು ಇಳಿಸಿ ಮಣ್ಣೆರಚುವಷ್ಟರಲ್ಲಿ ಇಂಜಿನ್ ಕರಕಲಾಗಿತ್ತು. ಗಾಡಿಗೆ ಪೂರ್ತಿ ವಿಮೆಯೇನೋ ಇತ್ತು. ಆದರೆ ತಪಾಸಣೆಗೆ ಬಂದ ಸರ್ವೇಯರ್ ಸಾಹೇಬ ಆ ಕಪ್ಪು ಕಲೆ ನೋಡಿದ, ಕರ್ಪೂರದ ಕತೆ ಕೇಳಿದ, ನಕ್ಕ.

"ಬಾಯಿ, ಕರ್ಪೂರದಿಂದ ಹತ್ತಿದ್ರ ನಿಮ್ಮ ನಿಷ್ಕಾಳಜಿ. ಇಂಜಿನ್ ತಾನ ಕೆಟ್ಟು ಹತ್ತಿದ್ರ ಮಶೀನಿನ ದೋಷ, ಅದಕ್ಕ ವಿಮಾ ಇಲ್ಲ. ಕರ್ಪೂರ ಅಂತ ಬರದು ಸಹಿ ಮಾಡ್ರಿ, ದಯಾ ತೋರ್ಸಿ ಅರ್ಧಾ ಕೊಡಸ್ತೀನಿ."

ಅತ್ತ ದರಿ, ಇತ್ತ ಪುಲಿ. ಗಾಡಿ ಏಳದಿದ್ದರೆ ಆಕೆಯ ಅನ್ನವೇ ನಿಂತಂತೆ. ಸಹಿ ಹಾಕಿದರೆ ಗಂಡನ ಗಾಡಿಯನ್ನು ಕೈಯಾರೆ ಸುಟ್ಟವಳೆಂಬ ಮಾತು ಕಾಗದದ ಮೇಲೆ ಶಾಶ್ವತ. ಹಾಳಾಗಲಿ, ಇದೆಂಥ ದಯೆ!

ಸುಮನಬಾಯಿ ಪಾಲಿಸಿಯನ್ನು ಓದಿಸಿದಳು. "ಬೆಂಕಿ, ಸ್ಫೋಟ, ತಾನಾಗಿ ಹೊತ್ತಿಕೊಂಡದ್ದು, ಎಲ್ಲಕ್ಕೂ ಪರಿಹಾರ ಐತಿ ಅತ್ತಿ" ಎಂದು ದೀಪಾಲಿ ಹಿಗ್ಗಿದಳು. ಸಿದ್ದಪ್ಪ ಮಾಸ್ತರರು ಗೋಡೆಯಾಚೆಯಿಂದಲೇ ಕೈಚಾಚಿ ಕಾಗದ ಪಡೆದು, ಪರಮ ಸಂತೋಷದಿಂದ ಕಹಿಯನ್ನೆಲ್ಲ ಹೆಕ್ಕಿದರು: "ಸವದದ್ದಕ್ಕ ಇಲ್ಲ, ಮುರದದ್ದಕ್ಕ ಇಲ್ಲ, ಯಂತ್ರ ಕೆಟ್ಟರ ಅದರ ಖರ್ಚು ಮಾಲಕಂದ." ಆಮೇಲೆ ಕನ್ನಡಕ ಒರೆಸಿಕೊಂಡು, ಒಲ್ಲದ ಮನಸ್ಸಿನಿಂದ, "ಆದ್ರ ಯಂತ್ರ ಕೆಟ್ಟು ಬೆಂಕಿ ಹತ್ತಿದ್ರ ಬೆಂಕಿಗೂ ಇಲ್ಲ ಅಂತ ಎಲ್ಲೂ ಬರದಿಲ್ಲ" ಎಂದರು. ಶತ್ರುವಾದರೂ ಮನುಷ್ಯ ಮಾಸ್ತರ, ಓದಿದ್ದನ್ನು ನುಂಗಲಾರ.

ಮರುದಿನ ಟ್ರ್ಯಾಕ್ಟರಿಗೆ ಸರಪಳಿ ಬಿಗಿದು ಸುಟ್ಟ ಗಾಡಿಯನ್ನು ಹುಮನಾಬಾದಿನ ವಿಮಾ ಕಚೇರಿಯ ಬಾಗಿಲಿಗೇ ಎಳೆಸಿ ತಂದಳು. ಸಾಹೇಬನನ್ನು ಬಗ್ಗಿಸಿ ತೋರಿಸಿದಳು: ಉರಿ ಎದ್ದದ್ದು ಇಂಜಿನ್ನಿನ ಹಿಂದುಗಡೆ, ಹರಿದ ಪೆಟ್ರೋಲ್ ಪೈಪಿನ ಬುಡದಿಂದ; ಕರ್ಪೂರ ಉರಿದ ಮೂತಿಯಲ್ಲಿ ಆ ಕಲೆಯ ಸುತ್ತಲಿನ ಬಣ್ಣ ಇನ್ನೂ ಹೊಳೆಯುತ್ತಿತ್ತು.

"ದೇವರ ಬೆಂಕಿ ಮುಂಜಾನೇನ ಆರಿತ್ರಿ. ಇದು ಪೈಪಿನ ಬೆಂಕಿ. ಹರದ ಪೈಪ್ ನಂದು, ಅದರ ರೊಕ್ಕ ನಂಗ ಬ್ಯಾಡ. ಬೆಂಕಿ ತಿಂದದ್ದು ನಿಮ್ಮದು, ಅದನ್ನ ಕೊಡ್ರಿ. ನಿಮ್ಮ ದಯಾ ಯಾರಿಗೆ ಬೇಕ್ರಿ? ನಾ ಕಂತು ಕಟ್ಟೀನಿ, ಭಿಕ್ಷಾ ಬೇಡಾಕ ಬಂದಿಲ್ಲ!"

ಹತ್ತೊಂಬತ್ತು ದಿನ ಗಾಡಿ ಆ ಬಾಗಿಲಿನಿಂದ ಅಲುಗಲಿಲ್ಲ. ಇಪ್ಪತ್ತನೆಯ ದಿನ ಹೊಸ ವರದಿ ಬಂತು: ಬೆಂಕಿಯ ನಷ್ಟ ಪೂರ್ತಿ ಮಂಜೂರು. ಬಾಯಿ ಮುಚ್ಚಿಸುವ ಔದಾರ್ಯದಿಂದ ಪೈಪಿನ ಬೆಲೆಯನ್ನೂ ಸೇರಿಸಿದ್ದರು. ಆಕೆ ಆ ಸಾಲಿನ ಮೇಲೆ ಬೆರಳಿಟ್ಟು, "ಮೊದಲ ಇದಕ್ಕ ಗೀಟು ಹೊಡೀರಿ" ಎಂದಳು. ಹೊಡೆದರು.

ಇಂಥವರನ್ನು ಲೋಕ ಜಗಳಗಂಟರೆಂದು ದೂರವಿಡುತ್ತದೆ. ಆದರೆ ತನಗೆ ಸಲ್ಲದ ಒಂದು ಪೈಪಿನ ಬೆಲೆಯನ್ನೂ ಒಲ್ಲೆನೆನ್ನುವ ಕೈಗಷ್ಟೇ ತನ್ನದನ್ನು ಮೇಜು ಗುದ್ದಿ ಕೇಳುವ ಬಲವಿರುತ್ತದೆ; ಉಳಿದ ನಾವೆಲ್ಲ ಸಿಕ್ಕ ಅರ್ಧಕ್ಕೆ ನಮಸ್ಕಾರ ಮಾಡಿ, ಮಾಡದ ತಪ್ಪಿಗೆ ಸಹಿ ಹಾಕಿ ಮನೆಗೆ ಬರುತ್ತೇವೆ.